ದೇರ್ ಎಲ್-ಮದೀನಾ: ಮೂರು ಸಾವಿರ ವರ್ಷದ ಹಿಂದಿನ ಒಂದೂರಿನ ಸಂಸಾರ

ಮಡಕೆಚೂರು

ಪ್ರಾಚೀನ ಈಜಿಪ್ಟಿನ ಸಂಸಾರದ ಬಗ್ಗೆ ಕನ್ನಡದಲ್ಲಿ ತಿರುತಿರುಗಿ ಬರುವ ಮಾತು ಮೂರು ನಾಲ್ಕೇ. ಹೆಣ್ಣಿಗೆ ಗಂಡಿನಷ್ಟೇ ಹಕ್ಕಿತ್ತು, ಅಣ್ಣ ತಂಗಿಯನ್ನೇ ಕಟ್ಟಿಕೊಳ್ಳುತ್ತಿದ್ದ, ಗೋಧಿ ಮೊಳಕೆ ನೋಡಿ ಬಸಿರು ಹೇಳುತ್ತಿದ್ದರು. ಯಾವ ಕಾಲ, ಯಾವ ಊರು, ಯಾವ ದಾಖಲೆ ಅಂತ ಕೇಳಿದರೆ ಉತ್ತರ ಇಲ್ಲ. ಅಶೋಕನ ಶಾಸನ, ಒಂದು ವಚನ, ಮೈಸೂರು ಗೆಜೆಟಿಯರಿನ ಒಂದು ಪುಟ ಕಲಸಿ "ಪುರಾತನ ಕನ್ನಡ ಕುಟುಂಬ" ಅಂತ ಬರೆದರೆ ಹೇಗಿರುತ್ತದೋ ಹಾಗೆ.

ಈ ಚರ್ಚೆಯ ಎಳೆಯಲ್ಲಿ ಒಂದೇ ಊರನ್ನು ಹಿಡಿಯೋಣ. ದೇರ್ ಎಲ್-ಮದೀನಾ, ಇಂದಿನ ಲಕ್ಸರ್‌ನ ಎದುರು ನೈಲ್‌ನ ಪಶ್ಚಿಮ ದಂಡೆ. ರಾಜರ ಕಣಿವೆಯ ಗೋರಿಗಳನ್ನು ಕೊರೆದು ಚಿತ್ರ ಬರೆದ ಕೆಲಸಗಾರರ ವಸತಿ, ಸುಮಾರು ಕ್ರಿ.ಪೂ. 1550ರಿಂದ 1070ರವರೆಗೆ. ಗೋಡೆಯೊಳಗೆ 68 ಮನೆ. ಒಂದೊಂದೂ ಸರಾಸರಿ 70 ಚದರ ಮೀಟರ್ ಆಸುಪಾಸು, ರೈಲುಡಬ್ಬಿಯಂತೆ ಉದ್ದಕ್ಕೆ ಒಂದರ ಹಿಂದೆ ಒಂದು ಕೋಣೆ. ಬೀದಿಗೆ ತೆರೆಯುವ ಮುಂಗೋಣೆ, ಅದರಾಚೆ ಕಂಬ ನಿಲ್ಲಿಸಿ ಸೂರು ಎತ್ತರಿಸಿದ ನಡುಮನೆ, ಆಮೇಲೆ ಒಳಕೋಣೆ, ಕೊನೆಗೆ ಅರ್ಧ ಬಯಲಾಗಿರುವ ಅಡಿಗೆಮನೆ. ನೆಲದಡಿಯಲ್ಲಿ ಉಗ್ರಾಣ, ಮೇಲೆ ಹತ್ತಲು ಮೆಟ್ಟಿಲು. ಊರಲ್ಲಿ ನೀರಿಲ್ಲ, ಕೆಳಗಿನಿಂದ ಹೇರಿಕೊಂಡು ಬರಬೇಕು.

ಗಂಡಸರು ಹತ್ತು ದಿನದ ವಾರದಲ್ಲಿ ಎಂಟು ದಿನ ಗೋರಿಯ ಕೆಲಸದಲ್ಲಿ. ರಾತ್ರಿಯೂ ಬಹುಪಾಲು ಗುಡ್ಡದ ಮೇಲಿನ ಕಲ್ಲು ಗುಡಿಸಲಲ್ಲೇ ಮಲಗುತ್ತಿದ್ದರು. ಹಾಗಾಗಿ ಊರು ಬಹಳ ದಿನ ಹೆಂಗಸರ, ಮಕ್ಕಳ, ಮುದುಕರ ಊರು.

ದಾಖಲೆ ಏಕೆ ಇಷ್ಟಿದೆ ಅಂದರೆ, ಇಲ್ಲಿನ ಜನಕ್ಕೆ ಬರೆಯಲು ಬರುತ್ತಿತ್ತು, ಬರೆಯಲು ಸುಣ್ಣಕಲ್ಲಿನ ಚಕ್ಕೆ ಕಾಲಡಿಯಲ್ಲೇ ಬಿದ್ದಿತ್ತು. ಊರ ಪಕ್ಕ ನೀರಿಗೆಂದು ಸುಮಾರು 50 ಮೀಟರ್ ತೋಡಿ, ನೀರು ಬಾರದೆ, ಕೊನೆಗೆ ಕಸ ತುಂಬಿದ ಒಂದು ದೊಡ್ಡ ಗುಂಡಿ ಇದೆ. ಸಾಲದ ಚೀಟಿ, ಅಗಸನ ಪಟ್ಟಿ, ಜಗಳದ ದೂರು ಎಲ್ಲ ಅದರಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. ಫ್ರೆಂಚ್ ತಂಡದ ಬರ್ನಾರ್ ಬ್ರುಯೇರ್ 1922ರಿಂದ 1951ರವರೆಗೆ ಇಲ್ಲಿ ಅಗೆದರು.

ಬೇರೆ ಕಾಲ, ಬೇರೆ ಊರಿನ ಸಾಕ್ಷ್ಯ ತಂದರೆ ತರಬಹುದು, ಎಲ್ಲಿಯದು ಎಂದು ಹೇಳಿ ತನ್ನಿ.

ಹಳೇಕಡತ

ಮೊದಲು ಮನೆಯಲ್ಲಿ ಎಷ್ಟು ಜನ ಅನ್ನೋದು ತೀರಲಿ. "ಈಜಿಪ್ಟಿನವರದು ಚಿಕ್ಕ ಸಂಸಾರ, ಗಂಡ ಹೆಂಡತಿ ಮಕ್ಕಳು ಅಷ್ಟೇ" ಎಂದು ಪಠ್ಯಗಳು ಹೇಳುತ್ತವೆ. ಗೋರಿಯ ಚಿತ್ರ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಇನ್ನೂ ಆರು ನೂರು ವರ್ಷ ಹಿಂದಿನ ಲಾಹೂನ್ ಊರಿನ ಮನೆಪಟ್ಟಿಗಳಲ್ಲಿ ಒಂದೇ ಮನೆಯನ್ನು ಮೂರು ಸಲ ಎಣಿಸಿದ ದಾಖಲೆ ಇದೆ, ಹೋರಿ ಎಂಬ ಸೈನಿಕನ ಮನೆ.

ಮೊದಲ ಎಣಿಕೆಯಲ್ಲಿ ಮೂರೇ ಜನ, ಹೋರಿ, ಹೆಂಡತಿ, ಮಗ ಸ್ನೆಫ್ರು. ಎರಡನೆಯದರಲ್ಲಿ ಹೋರಿಯ ತಾಯಿ, ಅವನ ಅಕ್ಕತಂಗಿಯರು ಬಂದು ಸೇರಿದ್ದಾರೆ, ಬಹುಶಃ ಆ ಕಡೆ ಅಪ್ಪ ಸತ್ತಿರಬೇಕು. ಮೂರನೆಯದರಲ್ಲಿ ಹೋರಿ ಇಲ್ಲ. ಮಗ ಸ್ನೆಫ್ರು ಯಜಮಾನ, ಅವನ ಜೊತೆ ತಾಯಿ, ಅಜ್ಜಿ, ಸೋದರತ್ತೆಯರು.

ಹಾಗಾದರೆ ಇದು ಚಿಕ್ಕ ಸಂಸಾರವೋ ಅವಿಭಕ್ತ ಕುಟುಂಬವೋ? ಪ್ರಶ್ನೆಯೇ ತಪ್ಪು. ಎಣಿಸುವವನು ಯಾವ ವರ್ಷ ಬಾಗಿಲು ತಟ್ಟಿದ ಅನ್ನೋದರ ಮೇಲೆ ಉತ್ತರ ನಿಂತಿದೆ. ದೇರ್ ಎಲ್-ಮದೀನಾದಲ್ಲೂ ಇಂಥ ಮನೆಪಟ್ಟಿಯ ತುಂಡುಗಳಿವೆ (ಈಗ ಟ್ಯೂರಿನ್ ಸಂಗ್ರಹಾಲಯದಲ್ಲಿ). ಒಬ್ಬಂಟಿ ಗಂಡಸಿನ ಮನೆಯೂ ಅದರಲ್ಲಿದೆ, ಮಕ್ಕಳೊಂದಿಗನ ಮನೆಯೂ ಇದೆ. ವಿಧವೆಯಾದ ತಾಯಿ, ಮದುವೆಯಾಗದ ಅಥವಾ ಬಿಟ್ಟುಬಂದ ಅಕ್ಕತಂಗಿಯರ ಭಾರ ಮನೆಯ ಗಂಡಸಿನ ಮೇಲೆ ಬೀಳುತ್ತಿತ್ತು. ಗೋರಿಯ ಚಿತ್ರದಲ್ಲಿ ಅವರಿಗೆ ಜಾಗ ಸಿಗುವುದು ಅಪರೂಪ.

ಒನಕೆಪದ

ಊಟದ ಲೆಕ್ಕ ನನ್ನ ಪಾಲಿಗಿರಲಿ. ಸರ್ಕಾರದಿಂದ ಒಬ್ಬ ಕೆಲಸಗಾರನಿಗೆ ತಿಂಗಳಿಗೆ 4 ಖಾರ್ ಎಮ್ಮರ್ ಗೋಧಿ, 1.5 ಖಾರ್ ಬಾರ್ಲಿ. ಮೇಸ್ತ್ರಿಗೆ ಒಟ್ಟು 7.5 ಖಾರ್. ಒಂದು ಖಾರ್ ಅಂದರೆ ಸುಮಾರು 76.9 ಲೀಟರ್ ಅಳತೆ. ಎಂದರೆ ಗೋಧಿ ತಿಂಗಳಿಗೆ ಸುಮಾರು 307 ಲೀಟರ್, ಬಾರ್ಲಿ 115 ಲೀಟರ್. ಗೋಧಿಯೊಂದೇ ದಿನಕ್ಕೆ ಹತ್ತು ಲೀಟರ್, ನಮ್ಮ ಹಳೆ ಅಳತೆಯಲ್ಲಿ ಹತ್ತು ಸೇರಿನ ಆಸುಪಾಸು. ಒಂದು ಮನೆಗೆ ಸಾಕಾಗಿ ಮಿಗುವಷ್ಟು. ಮಿಕ್ಕಿದ್ದರಲ್ಲಿ ಚಪ್ಪಲಿ, ಬುಟ್ಟಿ, ಬಟ್ಟೆ ಕೊಳ್ಳುತ್ತಿದ್ದರು, ಕಾಸಿನ ಬದಲು ಕಾಳು. ಕಾಳು ತಡವಾದರೆ ಊರೇ ನಿಂತುಹೋಗುತ್ತಿತ್ತು. ದೊರೆ ಮೂರನೇ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ ಕೆಲಸ ಬಿಟ್ಟು ದೇವಸ್ಥಾನಗಳ ಹಿಂದೆ ಹೋಗಿ ಕುಳಿತ ಮುಷ್ಕರ ಆದದ್ದು ಇದಕ್ಕೇ.

ಈಗ ಆ ಕಾಳು ರೊಟ್ಟಿಯಾಗುವ ಬಗೆ. ಎಮ್ಮರ್ ಸಿಪ್ಪೆ ಅಂಟಿದ ಗೋಧಿ, ಬಡಿದರೆ ಕಾಳು ಬಿಡಿಯಾಗಿ ಉದುರೋದಿಲ್ಲ, ತೆನೆಯ ತುಂಡಾಗಿ ಮುರಿಯುತ್ತದೆ. ಆದ್ದರಿಂದ ಮೊದಲು ನೀರು ಚಿಮುಕಿಸಿ ಸಿಪ್ಪೆ ಮೆತ್ತಗೆ ಮಾಡಬೇಕು. ನೆಲದಲ್ಲಿ ಹೂತ ಸುಣ್ಣಕಲ್ಲಿನ ಒರಳಿಗೆ ಹಾಕಿ ಮರದ ಒನಕೆಯಲ್ಲಿ ಕುಟ್ಟಬೇಕು. ಒಣಕಲನ್ನೇ ಕುಟ್ಟಿದರೆ ಕಾಳು ನುಚ್ಚಾಗುತ್ತದೆ, ಸಿಪ್ಪೆ ಮಾತ್ರ ಬಿಡುವುದಿಲ್ಲ, ತಪ್ಪಾಗುವುದು ಇಲ್ಲಿಯೇ. ಆಮೇಲೆ ಒಣಗಿಸಿ, ತೂರಿ, ಜರಡಿ ಹಿಡಿದು, ಉಳಿದ ಸಿಪ್ಪೆ ಕೈಯಲ್ಲಿ ಆರಿಸಿ, ಕಡೆಗೆ ಹಿಟ್ಟು.

ಹಿಟ್ಟು ಮಾಡುವ ಕಲ್ಲನ್ನು ಕನ್ನಡದಲ್ಲಿ "ಬೀಸುವ ಕಲ್ಲು" ಅಂತ ಬರೆಯುತ್ತಾರೆ. ಅದು ಸರಿಯಲ್ಲ. ಗೂಟ ಹಿಡಿದು ತಿರುಗಿಸುವ ಕಲ್ಲು ಆಗಿರಲಿಲ್ಲ, ಈಜಿಪ್ಟಿಗೆ ಅದು ಬಂದದ್ದು ಗ್ರೀಕ್-ರೋಮನ್ ಕಾಲದಲ್ಲಿ. ಇದು ಇಳಿಜಾರಾಗಿ ಕೂರಿಸಿದ ಹಾಸುಗಲ್ಲು, ಮೇಲೆ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ಉಜ್ಜುವುದು, ಅಂದರೆ ನಮ್ಮ ಅರೆಯುವ ಕಲ್ಲಿನ ಬಳಗ. ಹಳೆಯ ಕಾಲದಲ್ಲಿ ಅದನ್ನು ನೆಲದಲ್ಲಿಟ್ಟು ಮೊಣಕಾಲೂರಿ ಅರೆಯುತ್ತಿದ್ದರು. ಈ ಕಾಲಕ್ಕೆ ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿ ನಿಂತು ಅರೆಯುವ ಪದ್ಧತಿ ಬಂದಿತ್ತು. ಹಿಟ್ಟು ನುಣ್ಣಗಾಗಲು ಮರಳು ಬೆರೆಸುತ್ತಿದ್ದರು ಎಂಬ ಮಾತನ್ನು ನಂಬಬೇಡಿ. ಅಂಥದ್ದೇ ಕಲ್ಲಿನಲ್ಲಿ ಪ್ರಯೋಗ ಮಾಡಿದಾಗ ಮರಳಿನ ಅಗತ್ಯವೇ ಕಾಣಲಿಲ್ಲ.

ಅರೆಯುವುದಕ್ಕೆ ಸರ್ಕಾರ ದಾಸಿಯರನ್ನು ಕೊಡುತ್ತಿತ್ತು, ಒಂದೊಂದು ಮನೆಗೆ ತಿಂಗಳಲ್ಲಿ ಇಷ್ಟು ದಿನ ಎಂದು ಪಾಲು. ಆ "ದಿನ"ಗಳನ್ನು ಆಸ್ತಿಯಂತೆ ಮಾರಿದ್ದೂ ದಾಖಲಾಗಿದೆ.

ಬೈಲಸೀಮಿ

ಒನಕೆಪದ ಅವರ, ಎಮ್ಮರ್ ಅಂದ್ರ ನಮ್ಮ ಕಡೆ ಸದಕ ರೀ, ಖಪ್ಲಿ ಅಂತನೂ ಅಂತಾರ. ಬೆಳಗಾವಿ, ಬಾಗಲಕೋಟಿ, ವಿಜಾಪುರ, ಧಾರವಾಡದ ಕಡೆ ಈಗಲೂ ಬೆಳೀತಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ ತಳಿಗಳು ಇವೇ. ಮಾದಲಿಗೆ, ಶಾವಿಗೆಗೆ ಇದರ ರವೆ ಅಂದ್ರ ಮುಗೀತು. ತೊಂದ್ರಿ ಅಂದ್ರ ಪ್ಯಾಟ್ಯಾಗ ಇದನ್ನ "ಜವೆ ಗೋಧಿ" ಅಂತ ಮಾರ್ತಾರ, ನಿಘಂಟಿನ್ಯಾಗ ಜವೆ ಗೋಧಿ ಅಂದ್ರ ಬಾರ್ಲಿ! ಬಸಿರಿನ ಪರೀಕ್ಷೆ ಕನ್ನಡಕ್ಕ ತರೂಮುಂದ ಎರಡೂ ಕಾಳಿಗೆ ಒಂದ ಹೆಸರಾಗಿ ಎಡವಟ್ಟ ಆಗ್ತದ. ಸದಕ, ಬಾರ್ಲಿ ಅಂತ ಬ್ಯಾರೆ ಬ್ಯಾರೆ ಬರೀರಿ.

ತೊಟ್ಟಿಲು

ಸರಿಯಾದ ಎಚ್ಚರಿಕೆ. ಹಾಗೇ ಬರೆಯುತ್ತೇನೆ.

ಬರ್ಲಿನ್‌ನಲ್ಲಿರುವ ವೈದ್ಯ ಪಪೈರಸ್‌ನ (ಜೊಂಡಿನ ಹಾಳೆಯ ಬರಹ) ಕ್ರಮ ಇದು. ಸದಕ ಒಂದು ಚೀಲ, ಬಾರ್ಲಿ ಒಂದು ಚೀಲ, ಜೊತೆಗೆ ಖರ್ಜೂರ ಮತ್ತು ಮರಳು. ಹೆಂಗಸು ದಿನಾ ಅದರ ಮೇಲೆ ಮೂತ್ರ ಹೊಯ್ಯಬೇಕು. ಎರಡೂ ಮೊಳೆತರೆ ಹೆರುತ್ತಾಳೆ, ಬಾರ್ಲಿ ಮೊಳೆತರೆ ಗಂಡು, ಸದಕ ಮೊಳೆತರೆ ಹೆಣ್ಣು, ಯಾವುದೂ ಮೊಳೆಯದಿದ್ದರೆ ಹೆರುವುದಿಲ್ಲ. 1963ರಲ್ಲಿ ಕೈರೋದಲ್ಲಿ ಇದನ್ನು ಪರೀಕ್ಷಿಸಿದರು. 40 ಬಸುರಿಯರ ಮೂತ್ರದಲ್ಲಿ 28ಕ್ಕೆ ಮೊಳಕೆ ಬಂತು, ಗಂಡಸರ ಮತ್ತು ಬಸುರಿಯಲ್ಲದವರ ಮೂತ್ರಕ್ಕೆ ಬರಲಿಲ್ಲ. "ಶೇ. 70 ಸರಿ" ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಲೆಕ್ಕವನ್ನು ಸರಿಯಾಗಿ ಓದಿ: ಮೊಳೆತರೆ ನಂಬಬಹುದು, ಮೊಳೆಯದಿದ್ದರೆ ಏನೂ ಹೇಳಲಾಗದು, ಯಾಕೆಂದರೆ 12 ಬಸುರಿಯರ ಕಾಳೂ ಮೊಳೆಯಲಿಲ್ಲ. ಗಂಡು ಹೆಣ್ಣಿನ ಭವಿಷ್ಯವಂತೂ ಪೂರ್ತಿ ಸುಳ್ಳಾಯಿತು. ಆ ಭಾಗ ವ್ಯಾಕರಣದಿಂದ ಬಂದಿರಬೇಕು. ಈಜಿಪ್ಟಿನ ಭಾಷೆಯಲ್ಲಿ ಬಾರ್ಲಿ ಪುಲ್ಲಿಂಗ, "ಅಪ್ಪ" ಎಂಬ ಪದದಂತೆಯೇ ಕೇಳಿಸುತ್ತದೆ. ಸದಕ ಸ್ತ್ರೀಲಿಂಗ.

ಹೆರಿಗೆ ಕುಕ್ಕರುಗಾಲಲ್ಲಿ, ಎರಡು ಇಟ್ಟಿಗೆ ಅಥವಾ ಇಟ್ಟಿಗೆ ಅಟ್ಟೆಗಳ ಮೇಲೆ ಕಾಲಿಟ್ಟು. ನಡುವಿನ ಸಂದಿಯಲ್ಲಿ ಸೂಲಗಿತ್ತಿ ಮಗುವನ್ನು ಹಿಡಿಯುತ್ತಾಳೆ. ಇದು ಬರಹದಿಂದ ಮಾತ್ರ ಗೊತ್ತಿದ್ದ ಸಂಗತಿ, 2001ರಲ್ಲಿ ದಕ್ಷಿಣ ಅಬಿಡೋಸ್‌ನಲ್ಲಿ ಬಣ್ಣದ ಚಿತ್ರವಿರುವ ಹೆರಿಗೆ ಇಟ್ಟಿಗೆಯೇ ಸಿಕ್ಕಿತು. ಸುಡದ ಮಣ್ಣಿನದು, ಸುಮಾರು 35 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲ. ಕಾಲ ಸುಮಾರು ಕ್ರಿ.ಪೂ. 1700. ಮೇಲೆ ತಾಯಿ, ಮಡಿಲ ಹತ್ತಿರ ಮಗು, ಅಕ್ಕಪಕ್ಕ ಹೆಂಗಸರು. ಇಟ್ಟಿಗೆಗೇ ಒಬ್ಬ ದೇವತೆ, ಮೆಸ್ಖೆನೆಟ್. ಹೆತ್ತ ಮೇಲೆ ಪುರುಡು: ವೆಸ್ಟ್‌ಕಾರ್ ಪಪೈರಸ್‌ನ ಕಥೆಯಲ್ಲಿ ತ್ರಿವಳಿ ಹೆತ್ತ ರೆಡ್‌ಜೆಡೆಟ್ 14 ದಿನಕ್ಕೆ ಶುದ್ಧಳಾಗುತ್ತಾಳೆ.

ದೇರ್ ಎಲ್-ಮದೀನಾದ 28 ಮನೆಗಳ ಮುಂಗೋಣೆಯಲ್ಲಿ ಮೂಲೆಗೆ ಕಟ್ಟಿದ ಇಟ್ಟಿಗೆ ಕಟ್ಟೆ ಇದೆ. ಸುಮಾರು 1.7 ಮೀಟರ್ ಉದ್ದ, 80 ಸೆಂ.ಮೀ. ಅಗಲ, 75 ಸೆಂ.ಮೀ. ಎತ್ತರ, ಹತ್ತಲು ಮೂರು ನಾಲ್ಕು ಮೆಟ್ಟಿಲು, ಕೆಲವಕ್ಕೆ ಕುಳ್ಳದೇವರು ಬೆಸ್‌ನ ಚಿತ್ರ. ಬ್ರುಯೇರ್ ಇದನ್ನು ಹೆರಿಗೆ ಮಂಚ ಎಂದರು. ಈಗ ಬಹಳ ಮಂದಿ ಮನೆದೇವರ ಕಟ್ಟೆ ಅನ್ನುತ್ತಾರೆ. ಬೀದಿಬಾಗಿಲ ಪಕ್ಕ, ಅಷ್ಟು ಎತ್ತರದ ಕಿರಿದಾದ ಕಟ್ಟೆಯ ಮೇಲೆ ನೋವು ತಿನ್ನುವವಳನ್ನು ಹತ್ತಿಸುವುದು ನನಗೂ ಒಪ್ಪಿಗೆಯಾಗದು. ಬಸಿರು, ಮಗು, ಸತ್ತ ಹಿರಿಯರು, ಇವರೆಲ್ಲರ ಸಲುವಾಗಿ ಪೂಜೆ ನಡೆದ ಜಾಗ ಎಂದರೆ ಬೆಸ್‌ನ ಚಿತ್ರಕ್ಕೂ ಅರ್ಥ ಬರುತ್ತದೆ.

ಹಾಲು ಕುಡಿಸುವುದು ಮೂರು ವರ್ಷ. ಅನಿಯ ಬೋಧನೆ ಎಂಬ ಪಠ್ಯ ಮಗನಿಗೆ ಹೇಳುತ್ತದೆ: ತಾಯಿಗೆ ಎರಡು ಪಾಲು ಊಟ ಕೊಡು, ಮೂರು ವರ್ಷ ಮೊಲೆ ಕೊಟ್ಟಳು, ನಿನ್ನ ಹೇಲಿಗೆ ಹೇಸಲಿಲ್ಲ, ಶಾಲೆಗೆ ಹಾಕಿದಾಗ ದಿನಾ ರೊಟ್ಟಿ, ಬಿಯರ್ ತಂದಳು. ಇದು ಬರೀ ನೀತಿಮಾತಲ್ಲ. ದಾಖ್ಲಾ ಓಯಸಿಸ್‌ನ ಕೆಲ್ಲಿಸ್ ಸ್ಮಶಾನದ (ರೋಮನ್ ಕಾಲ) ಎಲುಬುಗಳ ಐಸೊಟೋಪ್ ಪರೀಕ್ಷೆಯಲ್ಲಿ ಸುಮಾರು 6 ತಿಂಗಳಿಗೆ ಮೇಲೂಟ ಶುರು, 3 ವರ್ಷದ ಹೊತ್ತಿಗೆ ಹಾಲು ಪೂರ್ತಿ ಬಿಡಿಸಿದ್ದು ಕಂಡಿದೆ. ಹಾಲು ಬಿಡಿಸುವ ಹೊತ್ತೇ ಅಪಾಯದ ಹೊತ್ತು, ನೀರಿನಿಂದ ಭೇದಿ ಹಿಡಿಯುತ್ತದೆ. ದೇರ್ ಎಲ್-ಮದೀನಾದ ಪೂರ್ವ ಸ್ಮಶಾನದಲ್ಲಿ ಗುಡ್ಡದ ಬುಡಕ್ಕೆ ಕೂಸುಗಳು, ಅವುಗಳ ಮೇಲೆ ಹರೆಯದವರು, ತುದಿಗೆ ದೊಡ್ಡವರು. ಕೂಸುಗಳನ್ನು ಮನೆಯ ಮಡಕೆ, ಬುಟ್ಟಿ, ಪೆಟ್ಟಿಗೆಯಲ್ಲೇ ಇಟ್ಟು ಹೂತಿದ್ದಾರೆ, ಕೆಲವದರ ಜೊತೆ ರೊಟ್ಟಿಯೂ ಇದೆ.

ಮುಖಪುಟ_ಓದುಗ

ಸಾಕುದಾಯಿಯರ ಕರಾರುಪತ್ರ ಈ ಊರಲ್ಲಿ ಇದೆಯೇ? ಹಾಲುಣಿಸುವವಳು ಗಂಡನ ಜೊತೆ ಮಲಗಬಾರದು ಎಂಬ ಷರತ್ತಿನ ಬಗ್ಗೆ ಓದಿದ್ದೆ.

ತೊಟ್ಟಿಲು

ಅವು ಸಾವಿರ ವರ್ಷ ಆಮೇಲಿನವು, ಗ್ರೀಕ್ ಭಾಷೆಯಲ್ಲಿವೆ. ಒಂದು ನಮೂನೆ: ಕ್ರಿ.ಪೂ. 13, ಅಲೆಕ್ಸಾಂಡ್ರಿಯ, ದಿದಿಮಾ ಎಂಬಾಕೆ. ಎಸೆದುಹೋದ ಕೂಸೊಂದನ್ನು ಎತ್ತಿ ದಾಸ್ಯಕ್ಕೆ ಸಾಕುತ್ತಿದ್ದವರು ಅದನ್ನು ಇವಳ ಮನೆಗೆ ಕೊಟ್ಟಿದ್ದಾರೆ. ಅವಧಿ 16 ತಿಂಗಳು, ತಿಂಗಳಿಗೆ 10 ಬೆಳ್ಳಿ ದ್ರಾಖ್ಮಾ, 2 ಕೋಟಿಲೆ ಎಣ್ಣೆ. ಹಾಲು ಕೆಡಿಸಿಕೊಳ್ಳಬಾರದು, ಗಂಡಸಿನ ಸಂಗ ಕೂಡದು, ಬಸಿರಾಗಬಾರದು, ಇನ್ನೊಂದು ಮಗುವಿಗೆ ಮೊಲೆ ಕೊಡಬಾರದು. ಷರತ್ತಿನ ಕಾರಣ ನೀತಿಯಲ್ಲ, ಬಸಿರಾದರೆ ಹಾಲು ಬತ್ತುತ್ತದೆ, ಹೂಡಿದ ದುಡ್ಡು ಹೋಗುತ್ತದೆ. ದೇರ್ ಎಲ್-ಮದೀನಾದ ಹೆಂಗಸರಿಗೆ ಇದನ್ನು ಅಂಟಿಸಬೇಡಿ.

ಗೆರೆಬರಹ

ಅಣ್ಣತಂಗಿ ಮದುವೆಯ ವಿಷಯ ಯಾರಾದರೂ ಎತ್ತಲೇಬೇಕಲ್ಲ. ಈ ಊರಿನ ಪ್ರೇಮಗೀತೆಗಳಲ್ಲೇ ನಲ್ಲ ನಲ್ಲೆಯರು ಪರಸ್ಪರ "ಅಣ್ಣ", "ತಂಗಿ" ಎನ್ನುತ್ತಾರೆ.

ಹಳೇಕಡತ

ಎತ್ತಿದ್ದು ಒಳ್ಳೆಯದೇ. ಗೊಂದಲ ಇರುವುದು ಎರಡು ಪದದಲ್ಲಿ, ಸೆನ್ (ಗಂಡಿಗೆ) ಮತ್ತು ಸೆನೆತ್ (ಹೆಣ್ಣಿಗೆ). ಈಜಿಪ್ಟಿನ ಭಾಷೆಗೆ ನಂಟಿನ ಪದಗಳು ತೀರಾ ಕಡಿಮೆ: ಅಪ್ಪ, ಅಮ್ಮ, ಮಗ, ಮಗಳು, ಸೆನ್, ಸೆನೆತ್. ಅಷ್ಟರಲ್ಲೇ ಎಲ್ಲ ಆಗಬೇಕು. ತಾತನೂ ಮಾವನೂ "ಅಪ್ಪ". ಸೆನ್ ಅಂದರೆ ಒಡಹುಟ್ಟಿದವನೂ ಹೌದು, ಚಿಕ್ಕಪ್ಪನೂ, ಸೋದರಮಾವನೂ, ಅಣ್ಣನ ಮಗನೂ, ಭಾವಮೈದುನನೂ ಹೌದು. ಸುಮಾರು ಕ್ರಿ.ಪೂ. 1500ರಿಂದ ಹೆಂಡತಿಯನ್ನು ಸೆನೆತ್ ಎನ್ನುವುದು ರೂಢಿಗೆ ಬಂತು.

ಕನ್ನಡಕ್ಕೆ ತರುವಾಗ ಕಷ್ಟ ದುಪ್ಪಟ್ಟು. ಇಂಗ್ಲಿಷಿನವರು ಒಂದು ಪದ ಹಾಕಿ ಜಾರಿಕೊಳ್ಳುತ್ತಾರೆ. ನಮಗೆ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಷಡ್ಡಕ, ಓರಗಿತ್ತಿ ಎಲ್ಲ ಬೇರೆ ಬೇರೆ, ಅದರ ಮೇಲೆ ಯಾರು ವರಸೆ, ಯಾರು ವರಸೆಯಲ್ಲ ಎಂಬುದೂ ನಿಂತಿದೆ. "ತಂಗಿ" ಎಂದು ಬರೆದ ಕೂಡಲೇ ಮದುವೆ ನಿಷಿದ್ಧವಾಗುತ್ತದೆ, "ನಾದಿನಿ" ಎಂದರೆ ಇಲ್ಲದ ಸಂಬಂಧ ಹುಟ್ಟುತ್ತದೆ. ಪ್ರೇಮಗೀತೆಯಲ್ಲಿ ನಲ್ಲ, ನಲ್ಲೆ ಎಂದು ಹಾಕುವುದೇ ಸರಿ.

ರಾಜಮನೆತನ ಬಿಟ್ಟರೆ ಫೇರೋಗಳ ಕಾಲದಲ್ಲಿ ಒಡಹುಟ್ಟಿದವರ ಮದುವೆಯ ಖಚಿತ ಉದಾಹರಣೆಗಳು ಬೆರಳೆಣಿಕೆ. ಚಿತ್ರ ಬದಲಾಗುವುದು ರೋಮನ್ ಆಳ್ವಿಕೆಯಲ್ಲಿ. 14 ವರ್ಷಕ್ಕೊಮ್ಮೆ ಜನಗಣತಿ ಇತ್ತು, ಕ್ರಿ.ಶ. 1ರಿಂದ 3ನೇ ಶತಮಾನದ ಸುಮಾರು 300 ಗಣತಿ ಪತ್ರಗಳು ಉಳಿದಿವೆ. ಅವುಗಳಲ್ಲಿ ಸ್ಪಷ್ಟವಿರುವ ಮದುವೆಗಳ ಪೈಕಿ ಸುಮಾರು ಆರರಲ್ಲಿ ಒಂದು ಅಣ್ಣತಂಗಿಯರದು. ಒಂದೇ ತಂದೆ, ಒಂದೇ ತಾಯಿ ಎಂದು ಬರೆದೇ ಇದೆ, ಆದ್ದರಿಂದ ಪದದ ಗೊಂದಲ ಎನ್ನಲಾಗದು. ಮನೆಯನ್ನು ಹಂಚದೆ ಉಳಿಸಿಕೊಳ್ಳಲು ಎಂದು ಕೆಲವರು, ಅಳಿಯನನ್ನು ದತ್ತು ತೆಗೆದುಕೊಂಡು "ಮಗ" ಎಂದು ಬರೆಸಿದ್ದಾರೆ ಎಂದು ಇನ್ನು ಕೆಲವರು. ಆ ವಾದ ಮುಗಿದಿಲ್ಲ.

ಮಡಕೆಚೂರು

ಮದುವೆಯ ಪದಗಳನ್ನೂ ಸೇರಿಸಿಬಿಡುತ್ತೇನೆ. ಮದುವೆಗೆ ಪುರೋಹಿತರು, ಮುಹೂರ್ತ, ಸರ್ಕಾರಿ ನೋಂದಣಿ ಯಾವುದರ ದಾಖಲೆಯೂ ಈ ಊರಲ್ಲಿಲ್ಲ. "ಮನೆ ಹೂಡು", "ಮನೆ ಹೊಗು", "ಜೊತೆ ಕೂರು" ಎನ್ನುತ್ತಾರೆ, ಗಂಡು ಒಂದು ಗಂಟು ಹೊತ್ತು ಹೆಣ್ಣಿನ ಮನೆಗೆ ಹೋದ ಉಲ್ಲೇಖ ಇದೆ. "ವಿವಾಹ" ಅಂತ ಅನುವಾದಿಸಿದರೆ ಅಗ್ನಿಸಾಕ್ಷಿ ಕಣ್ಣಿಗೆ ಬರುತ್ತದೆ. ನಮ್ಮಲ್ಲಿನ ಕೂಡಿಕೆ, ಉಡಿಕೆಯ ಧಾಟಿ ಹೆಚ್ಚು ಹತ್ತಿರ. ಬಿಡುವುದಕ್ಕೂ ಎರಡು ಪದ: ಗಂಡ ಹೆಂಡತಿಯನ್ನು "ಎಸೆಯುತ್ತಾನೆ", ಹೆಂಡತಿ "ಹೊರಟುಹೋಗುತ್ತಾಳೆ". ಮನೆ ಸಾಮಾನ್ಯವಾಗಿ ಗಂಡನ ಕೆಲಸದ ಜೊತೆ ಬಂದದ್ದು, ಆದ್ದರಿಂದ ಹೊಸಿಲು ದಾಟಬೇಕಾದವಳು ಅವಳೇ.

ಇನ್ನೊಂದು ದಾಖಲೆ, ಕೆಲಸದ ಹಾಜರಿಪಟ್ಟಿ. ಎರಡನೇ ರಾಮ್ಸೆಸ್‌ನ 40ನೇ ವರ್ಷ (ಕ್ರಿ.ಪೂ. 1240ರ ಸುಮಾರು), ದೊಡ್ಡ ಸುಣ್ಣಕಲ್ಲಿನ ಚಕ್ಕೆ, ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸುಮಾರು 40 ಕೆಲಸಗಾರರ ಹೆಸರು, ಕೆಲಸಕ್ಕೆ ಬಾರದ ದಿನ, ಮೇಲೆ ಕೆಂಪು ಮಸಿಯಲ್ಲಿ ಕಾರಣ. ಕಣ್ಣುಬೇನೆ, ಚೇಳು ಕಡಿದದ್ದು, ಬಿಯರ್ ಕಾಯಿಸುವುದು, ತಾಯಿಯ ಮಣ್ಣು. ಅದರ ನಡುವೆ, ಹೆಂಡತಿಗೆ ಅಥವಾ ಮಗಳಿಗೆ ಮುಟ್ಟು. ಗೈರಾದವನು ಗಂಡಸು! ಪ್ರತಿ ತಿಂಗಳೂ ಎಲ್ಲರೂ ಹೀಗೆ ಉಳಿದಿಲ್ಲ, ಕೆಲವೇ ಸಲ. ಮಡಿಯ ಕಾರಣವೋ, ಮನೆಕೆಲಸಕ್ಕೆ ಕೈ ಬೇಕಾಗಿಯೋ, ಎರಡೂ ವಾದ ಇದೆ. ಗೋರಿ ಪವಿತ್ರ ಸ್ಥಳ, ಮೊದಲನೆಯದನ್ನು ತಳ್ಳಿಹಾಕಲಾಗದು. ಮುಟ್ಟಾದ ಎಂಟು ಹೆಂಗಸರು "ಹೆಂಗಸರ ಜಾಗ"ಕ್ಕೆ ಹೋದರು ಎಂಬ ಇನ್ನೊಂದು ಚಕ್ಕೆ ಇದೆ. ಹೊರಗೆ ಕೂರುವುದು ಎಂದ ಕೂಡಲೇ ನಮ್ಮ ಪದ್ಧತಿಯನ್ನು ಅಲ್ಲಿಗೆ ಸಾಗಿಸಿಬಿಡಬೇಡಿ, ಆ ಜಾಗದಲ್ಲಿ ಏನಿತ್ತು ಎಂದು ಚಕ್ಕೆ ಒಂದು ಮಾತೂ ಹೇಳುವುದಿಲ್ಲ. ಅಗಸರ ಪಟ್ಟಿಯಲ್ಲಿ ಮಾತ್ರ ಮುಟ್ಟಿನ ಬಟ್ಟೆ ಉಳಿದ ಬಟ್ಟೆಗಳ ಜೊತೆಗೇ ಎಣಿಕೆಯಾಗಿದೆ.

ಗೆರೆಬರಹ

ಬಸಿರು ತಡೆಯುವುದು ಉಳಿಯಿತು. ಎಬರ್ಸ್ ಎಂಬ ವೈದ್ಯ ಪಪೈರಸ್‌ನಲ್ಲಿರುವುದು: ಅಕೇಶಿಯ (ನಮ್ಮ ಜಾಲಿಯ ಬಳಗ), ಖರ್ಜೂರ, ಜರೆತ್ ಎಂಬ ಕಾಯಿ, ಇವನ್ನು 1 ಹಿನ್ ಜೇನಿನಲ್ಲಿ (ಸುಮಾರು ಅರ್ಧ ಲೀಟರ್) ನುಣ್ಣಗೆ ಅರೆದು, ಎಳೆಗಳ ಉಂಡೆಗೆ ನೆನೆಸಿ ಒಳಗಿಡುವುದು. ಒಂದು, ಎರಡು, ಮೂರು ವರ್ಷ ಬಸಿರಾಗದೆ ಇರಲು ಎಂದು ತಲೆಬರಹ. ಜರೆತ್ ಯಾವ ಕಾಯಿ ಎಂಬುದರಲ್ಲಿ ಒಮ್ಮತ ಇಲ್ಲ, ಹಾಗಿದ್ದೂ ಜಾಲತಾಣಗಳು ಪಾಕ ಸಿದ್ಧವಾದಂತೆ ಬರೆಯುತ್ತವೆ. ಮೊಸಳೆ ಸಗಣಿ ಬರುವುದು ಕಾಹೂನ್ ಪಪೈರಸ್‌ನಲ್ಲಿ (ಸುಮಾರು ಕ್ರಿ.ಪೂ. 1825), ಅದೂ ಹರಿದುಹೋದ ಸಾಲಿನಲ್ಲಿ. ಇಡೀ ಈಜಿಪ್ಟ್ ಅದನ್ನು ಬಳಸುತ್ತಿತ್ತು ಎನ್ನಲು ಒಂದು ಹರಕು ಸಾಲು ಸಾಲದು. ಹಾಲೂಡಿಸುವ ಮೂರು ವರ್ಷವೇ ಹೆಚ್ಚು ತಡೆದಿರಬೇಕು, ಪೂರ್ತಿ ನಂಬುವಂಥದ್ದಲ್ಲದಿದ್ದರೂ.

ಹಾದರದ ಬಗ್ಗೆ ಕಥೆಗಳಲ್ಲಿ ಮರಣದಂಡನೆ ಇದೆ, ಊರಿನ ದಾಖಲೆಯಲ್ಲಿ ಇರುವುದು ಜಗಳ. ಒಂದು ಪತ್ರ (20ನೇ ರಾಜವಂಶದ ಕೊನೆ): ಮದುವೆಯಾದವನೊಬ್ಬ 8 ತಿಂಗಳಿಂದ ಬೇರೊಬ್ಬಳ ಜೊತೆ ಇದ್ದಾನೆ, ಹೆಂಡತಿಯ ಕಡೆಯವರು ರಾತ್ರಿ ಗುಂಪುಕಟ್ಟಿ ಅವಳನ್ನು ಹೊಡೆಯಲು ಬಂದಿದ್ದಾರೆ, ಒಬ್ಬ ಅಧಿಕಾರಿ ತಡೆದಿದ್ದಾನೆ. ಪತ್ರದ ತಿರುಳು, ಅವನಿಗೆ ಆ ಬೇರೊಬ್ಬಳೇ ಬೇಕಿದ್ದರೆ ಮೊದಲು ಹೆಂಡತಿಯ ಜೊತೆ ನ್ಯಾಯಾಲಯಕ್ಕೆ ಹೋಗಿ ವ್ಯವಹಾರ ತೀರಿಸಿಕೊಂಡು ಬರಲಿ. ಮೇಸ್ತ್ರಿ ಪನೆಬ್ ಹಲವು ಗೃಹಿಣಿಯರ ಜೊತೆ ಮಲಗಿದ ಎಂಬ ಪ್ರಸಿದ್ಧ ದೂರೂ ಇದೆ. ಅದನ್ನು ಬರೆದವನು ಆ ಹುದ್ದೆ ತನಗೆ ಸಿಗಬೇಕಿತ್ತು ಎಂದು ಕುದಿಯುತ್ತಿದ್ದವನು, ಅದನ್ನು ಮರೆಯದೆ ಓದಬೇಕು.

ಹಲಗೆಬಳಪ

ಮಕ್ಕಳ ಪಾಠ. ಪಾಠ ಬರೆದ ಕಲ್ಲುಚಕ್ಕೆಗಳು ಊರಲ್ಲಿ ರಾಶಿ ರಾಶಿ. ಹುಲ್ಲುಕಡ್ಡಿಯ ಕುಂಚ, ಮಸಿಯ ಕಪ್ಪು, ಕಾವಿಯ ಕೆಂಪು. ಅ ಆ ಇ ಈ ತೀಡಿಸುವ ಕ್ರಮ ಅಲ್ಲ, ಕೆಮಿತ್ ಎಂಬ ಪಾಠದ ಇಡೀ ವಾಕ್ಯಗಳನ್ನೇ ಕಾಪಿ ಮಾಡಿಸುತ್ತಿದ್ದರು, ಅದೂ ಆಗಲೇ ಹಳತಾಗಿದ್ದ ಭಾಷೆಯಲ್ಲಿ, ಮೇಲಿನಿಂದ ಕೆಳಕ್ಕೆ ಸಾಲಾಗಿ. ಆಮೇಲೆ ಕಸುಬುಗಳನ್ನೆಲ್ಲ ಹೀಯಾಳಿಸಿ ಕರಣಿಕನ ಕೆಲಸವೇ ಮೇಲು ಎನ್ನುವ ಖೇತಿಯ ಬೋಧನೆ. ದಿನಕ್ಕೊಂದು ತುಣುಕು ಬರೆದು ಕೆಳಗೆ ತಾರೀಖು ಹಾಕಿದ್ದೂ ಉಂಟು. ಬಾಯಿಪಾಠದಿಂದ, ಅರ್ಥವಾಗದೆ ಬರೆದ ಕಾರಣ ತಪ್ಪುಗಳು ಹೇರಳ. ಖೇತಿಯ ಪಠ್ಯದ ಎಷ್ಟೋ ಸಾಲುಗಳ ಮೂಲ ಇಂದಿಗೂ ಬಿಡಿಸಲಾಗದಿರುವುದು ಈ ಮಕ್ಕಳ ಕೈಚಳಕದಿಂದಲೇ.

ಕಲಿತವರಿಗೆಲ್ಲ ಕೆಲಸ ಇರಲಿಲ್ಲ. ಗೋರಿ ಕೆಲಸಗಾರರ ಪಡೆಯಲ್ಲಿ ಸಾಮಾನ್ಯವಾಗಿ 40ರಿಂದ 60 ಜಾಗ. ನಾಲ್ಕನೇ ರಾಮ್ಸೆಸ್ ಅದನ್ನು 120ಕ್ಕೆ ಏರಿಸಿದ, ಆರನೇ ರಾಮ್ಸೆಸ್‌ನ ಕಾಲಕ್ಕೆ ಮತ್ತೆ 60. ಮಗನನ್ನು ಸೇರಿಸಲು ಮೇಲಿನವರಿಗೆ ಏನೇನು ಕೊಟ್ಟೆ ಎಂದು ಅಪ್ಪ ಬರೆದಿಟ್ಟ ಪಟ್ಟಿಯೂ ಸಿಕ್ಕಿದೆ. ಜಾಗ ಸಿಗದವರು ಊರು ಬಿಡಬೇಕು.

ಹೋಲಿಕೆಗೆ ರೋಮನ್ ಕಾಲದ ಆಕ್ಸಿರಿಂಕಸ್: ಕ್ರಿ.ಶ. 66ರಲ್ಲಿ ತ್ರಿಫೋನ್ ತನ್ನ ಮಗ ಥೋನಿಸ್‌ನನ್ನು ಒಂದು ವರ್ಷ ನೇಕಾರನ ಬಳಿ ಬಿಟ್ಟ ಕರಾರು. ಹುಡುಗನ ಊಟಕ್ಕೆ ತಿಂಗಳಿಗೆ 5 ದ್ರಾಖ್ಮಾ, ಬಟ್ಟೆಗೆ 12. ತಪ್ಪಿಸಿದ ಪ್ರತಿ ದಿನಕ್ಕೆ ಒಂದು ದಿನ ಹೆಚ್ಚು ದುಡಿಯಬೇಕು, ಇಲ್ಲವೇ 1 ದ್ರಾಖ್ಮಾ ದಂಡ. (ಕನ್ನಡ ಮಾತುಗಳಿವೆ ಎಂಬ ವಾದವಿರುವ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನ ಕಸದ ಗುಡ್ಡೆಯಲ್ಲಿ. ಅದನ್ನು ಇಲ್ಲಿ ಎಳೆಯಬೇಡಿ, ಚರ್ಚೆ ಮುಗಿಯುವುದಿಲ್ಲ.)

ಮುಖಪುಟ_ಓದುಗ

ಆಸ್ತಿ? "ಸಮಾನ ಹಕ್ಕು" ಎಂಬ ಮಾತಿನಿಂದಲ್ಲವೇ ಎಳೆ ಶುರುವಾದದ್ದು.

ಹಳೇಕಡತ

ಉತ್ತರಕ್ಕೆ ನೌನಖ್ತೆಯ ಉಯಿಲು ಸಾಕು. ಐದನೇ ರಾಮ್ಸೆಸ್‌ನ 3ನೇ ವರ್ಷ, ಕ್ರಿ.ಪೂ. 1145ರ ಸುಮಾರು, ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಮೊದಲ ಗಂಡ ಕರಣಿಕ ಕೆನ್‌ಹಿರ್‌ಖೋಪೆಶೆಫ್, ಅವಳಿಗಿಂತ ಬಹಳ ಹಿರಿಯ, ಮಕ್ಕಳಾಗಲಿಲ್ಲ. ಎರಡನೆಯವನು ಖಾಎಮ್‌ನುನ್ ಎಂಬ ಕೆಲಸಗಾರ, ಎಂಟು ಮಕ್ಕಳು. ವಯಸ್ಸಾದ ಮೇಲೆ ಊರ ನ್ಯಾಯಸಭೆಯ ಮುಂದೆ ನಿಂತು ಹೇಳುತ್ತಾಳೆ: ನಾನು ಫೇರೋನ ನಾಡಿನ ಸ್ವತಂತ್ರ ಹೆಂಗಸು, ಎಂಟು ಮಕ್ಕಳನ್ನು ಸಾಕಿ ಮನೆ ಹೂಡಿಕೊಟ್ಟೆ, ಈಗ ಮುದುಕಿಯಾದೆ, ಅವರು ನನ್ನನ್ನು ನೋಡಿಕೊಳ್ಳುತ್ತಿಲ್ಲ. ಯಾರು ಕೈಹಿಡಿದರೋ ಅವರಿಗೆ ಕೊಡುತ್ತೇನೆ.

ಅವಳು ಕೊಡಬಲ್ಲದ್ದು ಏನು ಅನ್ನುವುದರಲ್ಲಿ ಹಕ್ಕಿನ ಗೆರೆ ಇದೆ. ಅಪ್ಪನಿಂದ ಮತ್ತು ಮೊದಲ ಗಂಡನಿಂದ ಬಂದದ್ದು ಪೂರ್ತಿ ಅವಳದು. ಎರಡನೇ ಗಂಡನ ಜೊತೆ ಗಳಿಸಿದ್ದರಲ್ಲಿ ಮೂರರಲ್ಲಿ ಒಂದು ಪಾಲು ಅವಳದು, ಎರಡು ಪಾಲು ಅವನದು. ಆಸ್ತಿ ಹಿಡಿಯುವುದು, ಕೊಡುವುದು, ಸಭೆಯ ಮುಂದೆ ಮಾತಾಡುವುದರಲ್ಲಿ ಗಂಡಿನಷ್ಟೇ ಅಧಿಕಾರ, ಪಾಲಿನಲ್ಲಿ ಮಾತ್ರ ಅವನದರ ಅರ್ಧ. ಆದ್ದರಿಂದ ಅವಳು ಕೈಬಿಟ್ಟ ಮಕ್ಕಳಿಗೂ ಅಪ್ಪನ ಪಾಲು ತಪ್ಪಲಿಲ್ಲ. ಮೊದಲ ಗಂಡನ ಹೆಸರನ್ನೇ ಇಟ್ಟಿದ್ದ ಮಗನಿಗೆ ಪಾಲಿನ ಮೇಲೊಂದು ಕಂಚಿನ ಬೋಗುಣಿ ಕೊಟ್ಟಳು. ಆ ಮೊದಲ ಗಂಡನ ಪುಸ್ತಕಗಳೂ ಇದೇ ಸಂಸಾರದ ಕೈಗೆ ಬಂದವು, ಕನಸಿನ ಫಲ ಹೇಳುವ ಪಪೈರಸ್ ಅದರಲ್ಲೊಂದು. ಅದರ ಹಿಂಬದಿಯಲ್ಲಿ ಅವನದೇ ಅಕ್ಷರ, ಓದುವವರ ತಾಳ್ಮೆ ಪರೀಕ್ಷಿಸುವಂಥದ್ದು.

ಮಕ್ಕಳಿಲ್ಲದವರ ದಾರಿ ಬೇರೆ. ಆಶ್ಮೋಲಿಯನ್‌ನಲ್ಲೇ ಇರುವ ಇನ್ನೊಂದು ಪತ್ರ, ಹನ್ನೊಂದನೇ ರಾಮ್ಸೆಸ್‌ನ ಕಾಲ, ಈ ಊರಿನದಲ್ಲ. ನೆಬ್‌ನೆಫೆರ್ ಎಂಬವನು ತನ್ನ ಹೆಂಡತಿಯನ್ನೇ ಮಗಳಾಗಿ ದತ್ತು ತೆಗೆದುಕೊಂಡ. ಹೆಂಡತಿಯಾಗಿ ಸಿಗುವುದು ಪಾಲು ಮಾತ್ರ, ಮಗುವಾದರೆ ಪೂರ್ತಿ, ಅವನ ಒಡಹುಟ್ಟಿದವರು ಬಾಯಿ ಬಿಡುವಂತಿಲ್ಲ. ಅವನು ಸತ್ತ ಮೇಲೆ ಅವಳು ದಾಸಿಯ ಮೂವರು ಮಕ್ಕಳನ್ನು ಬಿಡುಗಡೆ ಮಾಡಿ ದತ್ತು ಮಾಡಿಕೊಂಡಳು, ಹಿರಿ ಹುಡುಗಿಯನ್ನು ಮದುವೆಯಾದ ತನ್ನ ತಮ್ಮನನ್ನೂ ಅವರ ಜೊತೆ ಸೇರಿಸಿದಳು.

ಒನಕೆಪದ

ದೇರ್ ಎಲ್-ಮದೀನಾದಲ್ಲೂ ಮಕ್ಕಳಿಲ್ಲದವನಿಗೆ ಬೈದು ಬರೆದ ಚಕ್ಕೆ ಒಂದಿದೆಯಲ್ಲ, ಅನಾಥ ಮಗುವೊಂದನ್ನು ತಂದು ಸಾಕು, ನಿನ್ನ ಕೈಗೆ ನೀರು ಹೊಯ್ಯುವವನು ಅವನೇ ಆಗುತ್ತಾನೆ ಎಂದು.

ಹಳೇಕಡತ

ಹೌದು, ಬರ್ಲಿನ್‌ನಲ್ಲಿದೆ. ನೀರು ಹೊಯ್ಯುವುದು ಎಂದಾಗ ತರ್ಪಣ ನೆನಪಾಗುವುದು ಸಹಜ, ಕೆಲಸ ಹೆಚ್ಚುಕಡಿಮೆ ಅದೇ, ಹಿರಿಯ ಮಗ ಮಾಡಬೇಕಾದದ್ದು. ಒಂದು ವ್ಯತ್ಯಾಸ ಗಮನಿಸಿ: ಇಲ್ಲಿ ಅದಕ್ಕೆ ಆಸ್ತಿ ನೇರ ಗಂಟುಬಿದ್ದಿದೆ. ತಾಯಿಯ ಶವಪೆಟ್ಟಿಗೆಗೆ ಖರ್ಚು ಮಾಡಿದವನು ತಾನು, ಉಳಿದವರು ಕೈ ಹಚ್ಚಲಿಲ್ಲ, ಆದ್ದರಿಂದ ಅವಳ ವಸ್ತು ತನಗೇ ಎಂದು ಮಕ್ಕಳು ವ್ಯಾಜ್ಯ ಹೂಡಿದ್ದಾರೆ. "ಹೂತವನಿಗೆ ಸೊತ್ತು ಕೊಡಿ" ಎನ್ನುವುದು ಫೇರೋನ ಕಾನೂನು ಎಂದು ವಾದದಲ್ಲೇ ಉಲ್ಲೇಖ ಇದೆ.